ಕಾಫಿ ತೋಟದ ಗುಟ್ಟಿನ ಡಬ್ಬಿಗಳು: ಜೋಡಿಯಾಗಿ ಹುಡುಕಲು ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಪರಿಚಯದವರ ತೋಟಗಳಲ್ಲಿ ಡಬ್ಬಿ ಅಡಗಿಸಿಡುವುದು, ಬೇರೆಯವರು ಅಡಗಿಸಿಟ್ಟಿದ್ದನ್ನು ಹುಡುಕುವುದು ನನಗೂ ನನ್ನ ಯಜಮಾನರಿಗೂ ಅಚ್ಚುಮೆಚ್ಚಿನ ಹವ್ಯಾಸ. ನೆಂಟರು, ಸಹೋದ್ಯೋಗಿಗಳು, ಹೋಂಸ್ಟೇ ನಡೆಸುವವರು ಈ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಎಲ್ಲಕ್ಕೂ ಇಲ್ಲಿ ಉತ್ತರಿಸಿದ್ದೇನೆ. ಸಮಯವಿಲ್ಲದವರು ಅನುಮತಿ, ಆನೆ, ಮಂಗನ ಕಾಯಿಲೆ ಈ ಮೂರರ ಉತ್ತರಗಳನ್ನಾದರೂ ದಯವಿಟ್ಟು ಪೂರ್ತಿ ಓದಿ.

ಈ ಆಟ ಎಂದರೆ ಏನು?

ಒಬ್ಬರು ಒಂದು ಸಣ್ಣ ಡಬ್ಬಿಯೊಳಗೆ ಕೈಯಲ್ಲಿ ಕೆತ್ತಿದ ರಬ್ಬರ್ ಮೊಹರು ಮತ್ತು ಒಂದು ಪುಟ್ಟ ಪುಸ್ತಕ ಇಟ್ಟು, ಮರದ ಬುಡದಲ್ಲೋ ಕಲ್ಲಿನ ಸಂದಿನಲ್ಲೋ ಅಡಗಿಸುತ್ತಾರೆ. ಅಲ್ಲಿಗೆ ತಲುಪುವ ಸುಳಿವುಗಳನ್ನು ಬರೆದು ಹಂಚುತ್ತಾರೆ. ಹುಡುಕಿಕೊಂಡು ಹೋದವರು ಡಬ್ಬಿಯ ಮೊಹರನ್ನು ತಮ್ಮ ಪುಸ್ತಕಕ್ಕೆ ಒತ್ತಿಕೊಳ್ಳುತ್ತಾರೆ, ತಮ್ಮ ಮೊಹರನ್ನು ಡಬ್ಬಿಯ ಪುಸ್ತಕಕ್ಕೆ ಒತ್ತಿ, ದಿನಾಂಕ ಬರೆದು, ಡಬ್ಬಿಯನ್ನು ಇದ್ದ ಹಾಗೆಯೇ ಇಟ್ಟು ಬರುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಲೆಟರ್‌ಬಾಕ್ಸಿಂಗ್ ಎಂದು ಹೆಸರು. ಗೆದ್ದವರು, ಸೋತವರು ಎಂಬುದಿಲ್ಲ. ಹಣದ ಬಹುಮಾನವೂ ಇಲ್ಲ.

ಇದು ಎಲ್ಲಿ ಹುಟ್ಟಿತು?

ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಡಾರ್ಟ್‌ಮೂರ್ ಎಂಬ ಬಯಲುಗುಡ್ಡಗಳ ನಾಡಿನಲ್ಲಿ. ಚ್ಯಾಗ್‌ಫರ್ಡ್ ಎಂಬ ಊರಿನ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ 1854ರಲ್ಲಿ ಕ್ರ್ಯಾನ್‌ಮಿಯರ್ ಪೂಲ್ ಎಂಬ ದುರ್ಗಮ ಜೌಗಿನ ಬಳಿ ಒಂದು ಬಾಟಲಿ ಇಟ್ಟ. ಅಷ್ಟು ದೂರ ನಡೆದು ಹೋದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಬಿಟ್ಟು ಬರುತ್ತಿದ್ದರು. ಮುಂದೆ ಜನ ತಮ್ಮದೇ ವಿಳಾಸ ಬರೆದ ಕಾರ್ಡುಗಳನ್ನು ಅಲ್ಲಿ ಇಟ್ಟು ಬರತೊಡಗಿದರು. ಮುಂದೆ ಬಂದವರು ಅದನ್ನು ಕೊಂಡೊಯ್ದು ಅಂಚೆಗೆ ಹಾಕುತ್ತಿದ್ದರು. ಲೆಟರ್‌ಬಾಕ್ಸಿಂಗ್ ಎಂಬ ಹೆಸರಿಗೆ ಇದೇ ಮೂಲ. ಅಮೆರಿಕದಲ್ಲಿ 1998ರಲ್ಲಿ ಒಂದು ಪತ್ರಿಕೆಯ ಲೇಖನದ ನಂತರ ಇದು ಹರಡಿತು. ಡಾರ್ಟ್‌ಮೂರ್‌ನಲ್ಲಿ ನೂರು ಡಬ್ಬಿ ಹುಡುಕಿದವರಿಗೆಂದೇ ಒಂದು ಬಳಗವಿದೆ.

ನಮ್ಮ ಅಂಚೆ ಇಲಾಖೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಡಬ್ಬಿಗೆ ಅಂಚೆ ಪೆಟ್ಟಿಗೆಯ ಕೆಂಪು ಬಣ್ಣ ಬಳಿಯಬೇಡಿ.

ಮೊಬೈಲಿನಲ್ಲಿ ಜಿಪಿಎಸ್ ಹಿಡಿದು ಹುಡುಕುವ ಆಟವೂ ಇದೇನಾ?

ಅಲ್ಲ, ಅದು ಜಿಯೋಕ್ಯಾಶಿಂಗ್. ಅಮೆರಿಕ ಸರ್ಕಾರ 2000ದ ಮೇ ತಿಂಗಳಲ್ಲಿ ಜಿಪಿಎಸ್ ಸಂಕೇತಗಳನ್ನು ಬೇಕೆಂದೇ ಮಸುಕುಗೊಳಿಸುವುದನ್ನು ನಿಲ್ಲಿಸಿದ ಕೂಡಲೇ ಹುಟ್ಟಿಕೊಂಡದ್ದು. ಅಲ್ಲಿ ಅಕ್ಷಾಂಶ, ರೇಖಾಂಶ ಕೊಟ್ಟಿರುತ್ತಾರೆ. ಇಲ್ಲಿ ಮಾತು, ಹೆಜ್ಜೆ, ದಿಕ್ಸೂಚಿ ಮಾತ್ರ. ನಮ್ಮ ಗುಡ್ಡಗಳ ಸಂದಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗದ ತೋಟಗಳೇ ಬೇಕಾದಷ್ಟಿವೆ. ಅಲ್ಲಿಯೂ ಈ ಆಟ ಆಡಬಹುದು.

ಗಂಡ ಹೆಂಡತಿಗೆ ಇದು ಯಾಕೆ ಚೆನ್ನಾಗಿ ಹೊಂದುತ್ತದೆ?

ಇಬ್ಬರಿಗೂ ಕೆಲಸವಿದೆ, ಅದಕ್ಕೆ. ಒಬ್ಬರು ಸುಳಿವು ಓದುತ್ತಾರೆ, ಇನ್ನೊಬ್ಬರು ಹೆಜ್ಜೆ ಎಣಿಸುತ್ತಾರೆ. ಒಬ್ಬರ ಕಣ್ಣು ಮರದ ಮೇಲಿದ್ದರೆ ಇನ್ನೊಬ್ಬರದು ನೆಲದ ಮೇಲಿರುತ್ತದೆ. ಜಾಗ ನೋಡಲು ಹೋದಾಗ ಫೋಟೊ ತೆಗೆದು ಮುಗಿಯಿತೆಂದರೆ ಮುಂದಿನ ಜಾಗಕ್ಕೆ ಕಾರು ಹತ್ತುತ್ತೇವೆ. ಡಬ್ಬಿ ಹುಡುಕುವಾಗ ಒಂದೇ ಹಲಸಿನ ಮರದ ಸುತ್ತ ಅರ್ಧ ಗಂಟೆ ಕಳೆಯುತ್ತೇವೆ. ಅಷ್ಟು ಹೊತ್ತಿನಲ್ಲಿ ಆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬೇರಿನ ಪೊಟರೆಯಲ್ಲಿ ನಿಂತ ನೀರು, ತೊಗಟೆಯ ಮೇಲೆ ಮಚ್ಚಿನ ಹಳೆಯ ಕಚ್ಚು ಎಲ್ಲವೂ ಇಬ್ಬರಿಗೂ ಗೊತ್ತಾಗಿರುತ್ತದೆ. ಮನೆ ಸಾಲದ ಕಂತು, ಮಕ್ಕಳ ಪರೀಕ್ಷೆ ಬಿಟ್ಟು ಬೇರೆ ಮಾತು ಹುಟ್ಟುವುದೂ ಆಗಲೇ.

ಅಭಿಪ್ರಾಯಭೇದ ಬರುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಬರುತ್ತದೆ. “ರೀ, ಕೆರೆಯ ಕೋಡಿ ಎಂದರೆ ನೀರು ಹೊರಹೋಗುವ ಜಾಗ, ಏರಿಯ ತುದಿಯಲ್ಲ” ಎಂದು ನಾನು ಹೇಳುವುದು, ಅವರು ಒಪ್ಪದೆ ಏರಿಯ ತುದಿಯಿಂದಲೇ ಎಣಿಸಿ ಬರುವುದು ಎಲ್ಲವೂ ಉಂಟು. ಎರಡೂ ಕಡೆಯಿಂದ ನಡೆದು ನೋಡಿದರೆ ಉತ್ತರ ನೆಲದಲ್ಲೇ ಸಿಗುತ್ತದೆ. ಒಂದೇ ಒಂದು ನಿಯಮ ಮಾಡಿಕೊಳ್ಳಿ: ಸುಳಿವಿನ ಕಾಗದ ಸರದಿಯಂತೆ ಇಬ್ಬರ ಕೈಗೂ ಬರಬೇಕು.

ಅನುಮತಿ ಯಾರದ್ದು ಬೇಕು? ಕಾಡಿನೊಳಗೆ ಇಡಬಹುದೇ?

ಕಾಡಿನೊಳಗೆ ಇಡಲೇಬಾರದು. ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಕುದುರೆಮುಖ ರಾಷ್ಟ್ರೀಯ ಉದ್ಯಾನ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಬರುವ ಜಾಗಗಳು. ಅಲ್ಲಿ ಕಾಲಿಡುವುದಕ್ಕೇ ಅನುಮತಿ ಬೇಕು. ಬಿಸಿಲೆಯಂಥ ಮೀಸಲು ಅರಣ್ಯಗಳಿಗೂ ಕಾನೂನಿದೆ. ಚಾರಣಕ್ಕೆ ಟಿಕೆಟ್ ಪಡೆದು ಹೋದರೂ ಗೊತ್ತುಮಾಡಿದ ದಾರಿಯಲ್ಲಿ ನಡೆದು ಬರುವುದಕ್ಕಷ್ಟೇ ಒಪ್ಪಿಗೆ, ದಾರಿ ಬಿಟ್ಟು ಪೊದೆಯಲ್ಲಿ ಪ್ಲಾಸ್ಟಿಕ್ ಡಬ್ಬಿ ಇಡುವುದಕ್ಕಲ್ಲ. ಕಾನೂನು ಒಂದು ಕಡೆ ಇರಲಿ, ಆ ಕಾಡು ನಮ್ಮ ಆಟಕ್ಕೆ ಇರುವುದಲ್ಲ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಹುಲ್ಲುಗಾವಲಿನಲ್ಲಿ ಜನ ದಾರಿ ಬಿಟ್ಟು ತುಳಿದ ಕಡೆ ಮಣ್ಣು ಹೇಗೆ ಕೊಚ್ಚಿ ಹೋಗಿದೆ ಎಂಬುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಡಬೇಕಾದದ್ದು ತೋಟದಲ್ಲಿ. ಕಾಫಿ ತೋಟವೆಂದರೆ ಅರ್ಧ ಕಾಡೇ. ನೆರಳಿಗೆ ಬಿಟ್ಟ ಅತ್ತಿ, ನಂದಿ, ಹಲಸು, ಸಾಲಾಗಿ ನೆಟ್ಟ ಸಿಲ್ವರ್ ಓಕ್, ನಡುವೆ ಹಳ್ಳ, ಕೆರೆ, ಬಂಡೆ ಎಲ್ಲವೂ ಇರುತ್ತವೆ. ತೋಟದ ಯಜಮಾನರನ್ನು ಕಂಡು, ಡಬ್ಬಿಯನ್ನು ತೋರಿಸಿ, ಯಾವ ಜಾಗ, ಯಾವ ದಾರಿ, ಯಾರು ಬರಬಹುದು ಎಂಬುದನ್ನು ಹೇಳಿ ಒಪ್ಪಿಗೆ ಪಡೆಯಿರಿ. ಅವರು ಊರಿನಲ್ಲಿಲ್ಲದಿದ್ದರೆ ಫೋನಿನಲ್ಲಿ ಕೇಳಿ. ಅವರ ಒಪ್ಪಿಗೆ ಸಿಕ್ಕ ಮೇಲೂ ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ತಿಳಿಸಬೇಕು, ಏಕೆಂದರೆ ದಿನವೂ ತೋಟ ಸುತ್ತುವವರು ಅವರು, ಅಪರಿಚಿತರನ್ನು ಕಂಡರೆ ತಡೆಯಬೇಕಾದವರೂ ಅವರೇ. ಕಾಫಿ, ಮೆಣಸು ಕಳುವಾಗುವ ಕಾಲದಲ್ಲಿ ಇಬ್ಬರು ಹೊರಗಿನವರು ಗಿಡಗಳ ನಡುವೆ ಬಗ್ಗಿ ಏನನ್ನೋ ಹುಡುಕುತ್ತಿದ್ದರೆ ಯಾರಿಗಾದರೂ ಸಂಶಯ ಬಂದೀತು.

ಹುಡುಕಲು ಬರುವವರೂ ಪ್ರತಿ ಸಲ ಮುಂಚಿತವಾಗಿ ಫೋನು ಮಾಡಿಯೇ ಹೋಗಬೇಕು. ಸುಳಿವಿನ ಮೊದಲ ಸಾಲಿನಲ್ಲೇ ಇದನ್ನು ಬರೆಯುತ್ತೇವೆ. ಬೇಲಿಯ ಬಾಯಿಗೆ ಅಡ್ಡ ಹಾಕಿದ ಉಣುಗೋಲು ಸರಿಸಿ ಒಳಗೆ ಹೋದವರು ಅದನ್ನು ಮತ್ತೆ ಹಾಕಿಯೇ ಮುಂದೆ ನಡೆಯಬೇಕು. ದನ ಒಳಗೆ ನುಗ್ಗಿದರೆ ಒಂದು ವರ್ಷದ ಗಿಡಗಳು ಹೋಗುತ್ತವೆ.

ದೇವಸ್ಥಾನ, ಕೋಟೆಗಳ ಬಳಿ?

ಒಳಗೂ ಬೇಡ, ಆವರಣದಲ್ಲೂ ಬೇಡ. ಬೇಲೂರು, ಹಳೇಬೀಡಿನ ಗುಡಿಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಅಂಥ ಕಡೆ ವಾರಸುದಾರರಿಲ್ಲದ ಡಬ್ಬಿ ಕಂಡರೆ ಪೊಲೀಸರನ್ನು ಕರೆಯುತ್ತಾರೆ, ಕರೆಯಬೇಕಾದದ್ದೂ ನ್ಯಾಯವೇ. ದೇವರಕಾಡು, ನಾಗಬನ, ಭೂತಪ್ಪನ ಕಟ್ಟೆ ಇವುಗಳ ಹತ್ತಿರವೂ ಸುಳಿಯಬೇಡಿ.

ಆದರೆ ಇಂಥ ಜಾಗಗಳನ್ನು ಸುಳಿವಿನೊಳಗೆ ತರಬಹುದು. ಮುಂದಿನ ಉತ್ತರದಲ್ಲಿ ಒಂದು ಮಾದರಿ ಕೊಟ್ಟಿದ್ದೇನೆ.

ಸುಳಿವು ಬರೆಯುವುದು ಹೇಗೆ?

ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಭಾಗ ಇದು. ಒಗಟು ಕೇಳುತ್ತಾ ಬೆಳೆದವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಅಜ್ಜಿ ಕೇಳುತ್ತಿದ್ದ ಒಗಟಿನ ಧಾಟಿಯಲ್ಲೇ ಬರೆಯಿರಿ. ನಾವು ಒಂದು ತೋಟಕ್ಕೆ ಬರೆದ ಸುಳಿವಿನ ನಾಲ್ಕು ಸಾಲು ಹೀಗಿವೆ:

ಮಂಜರಾಬಾದಿನ ಕೋಟೆಯ ನಕ್ಷತ್ರಕ್ಕೆ ಮೂಲೆ ಎಷ್ಟು? ಎಣಿಸಿ ಬನ್ನಿ,
ಅದರ ಹತ್ತರಷ್ಟು ಹೆಜ್ಜೆ ಕೆರೆಯ ಕೋಡಿಯಿಂದ ಮೂಡಣಕ್ಕೆ ಇಡಿ.
ಮೈಯೆಲ್ಲ ಮುಳ್ಳು, ಹೊಟ್ಟೆಯೆಲ್ಲ ಹೊನ್ನು, ಮಕ್ಕಳ ಹೊತ್ತು ನಿಂತವಳ ಕಾಣಿ,
ಮಳೆರಾಯ ಮುಟ್ಟದ ಬೆನ್ನಿನ ಬಳಿಯ ಚಪ್ಪಡಿಯ ಕೋಲಿನಿಂದ ಎತ್ತಿ.

ಸಕಲೇಶಪುರದ ಬಳಿ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಗೆ ನಕ್ಷತ್ರದಂತೆ ಎಂಟು ಮೂಲೆಗಳಿವೆ. ಹಾಗಾಗಿ ಎಂಬತ್ತು ಹೆಜ್ಜೆ ನಡೆಯಬೇಕು. ಮುಳ್ಳಿನ ಮೈಯವಳು ಹಲಸಿನ ಮರ. ಕೊನೆಯ ಸಾಲಿಗೆ ಮಲೆನಾಡು ಗೊತ್ತಿರಬೇಕು. ಮುಂಗಾರು ನಮ್ಮಲ್ಲಿ ಪಡುವಣದಿಂದ ಹೊಡೆಯುತ್ತದೆ. ಮನೆಗಳ ಪಡುವಣ ಗೋಡೆಗೆ ಮಳೆಗಾಲದಲ್ಲಿ ಸೋಗೆಯ ತಟ್ಟಿ ಕಟ್ಟುವುದು ಇದೇ ಕಾರಣಕ್ಕೆ. ಮರದ ಆ ಮಗ್ಗುಲಲ್ಲಿ ಪಾಚಿ ದಪ್ಪವಾಗಿ ಬೆಳೆದಿರುತ್ತದೆ, ಪೂರ್ವದ ಮಗ್ಗುಲು ಅಷ್ಟು ನೆನೆಯುವುದಿಲ್ಲ. ಮಳೆರಾಯ ಮುಟ್ಟದ ಬೆನ್ನು ಎಂದರೆ ಅದು.

ಸುಳಿವಿಗೆ ಆರಿಸುವ ಗುರುತು ಉಳಿಯುವಂಥದ್ದಾಗಿರಲಿ. ಬಂಡೆ, ಕೆರೆಯ ತೂಬು, ಬಾವಿಕಟ್ಟೆ, ಹಳೆಯ ಹಲಸು ಇವನ್ನು ನಂಬಬಹುದು. ಸಿಲ್ವರ್ ಓಕ್ ಮರವನ್ನು ನಂಬಬೇಡಿ, ಅದು ಯಾವಾಗ ಬೇಕಾದರೂ ಮಾರಾಟವಾಗಿ ಲಾರಿ ಹತ್ತುತ್ತದೆ. ಹೂವು, ಹಣ್ಣು, ಹಕ್ಕಿಗೂಡನ್ನು ಗುರುತಾಗಿ ಕೊಡಬೇಡಿ. ಹೆಜ್ಜೆಯ ಲೆಕ್ಕವನ್ನು ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ನಡೆದು ಅಳೆದು, ನಡುವಿನ ಸಂಖ್ಯೆ ಬರೆಯಿರಿ. ಇಳಿಜಾರಿನಲ್ಲಿ ಇಳಿಯುವ ಹೆಜ್ಜೆ ಉದ್ದ, ಹತ್ತುವ ಹೆಜ್ಜೆ ಗಿಡ್ಡ ಎಂಬುದು ನೆನಪಿರಲಿ.

ದಿಕ್ಸೂಚಿ ಬೇಕೇ ಬೇಕೇ?

ಮೊದಮೊದಲು ಬೇಡ, ಸೂರ್ಯ ಸಾಕು. ಮೋಡ ಕವಿದ ದಿನ, ದಟ್ಟ ನೆರಳಿನ ತೋಟದಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಭಾಗದಲ್ಲಿ ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ತೀರ ಕಡಿಮೆ, ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಕಬ್ಬಿಣದ ಅದಿರಿನ ಗುಡ್ಡಗಳ ಬಳಿ, ತಂತಿಬೇಲಿಯ ಪಕ್ಕ, ಜೀಪಿಗೆ ಒರಗಿ ನಿಂತಾಗ ಮಾತ್ರ ಮುಳ್ಳನ್ನು ನಂಬಬೇಡಿ.

ಮೊಹರನ್ನು ಅಂಗಡಿಯಲ್ಲಿ ಮಾಡಿಸಬಹುದಲ್ಲವೇ?

ಮಾಡಿಸಬಹುದು, ಆದರೆ ಮಾಡಿಸಬೇಡಿ. ಕೈಯಲ್ಲಿ ಕೆತ್ತಿದ ಮೊಹರಿನಲ್ಲೇ ಈ ಆಟದ ಜೀವ ಇರುವುದು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ದೊಡ್ಡ ಬಿಳಿ ರಬ್ಬರ್ ತನ್ನಿ. ತೆಳು ಕಾಗದದ ಮೇಲೆ ಮೆತ್ತನೆಯ ಪೆನ್ಸಿಲ್ಲಿನಿಂದ ಚಿತ್ರ ಬರೆದು, ಬರೆದ ಮಗ್ಗುಲನ್ನು ರಬ್ಬರಿನ ಮೇಲೆ ಕವುಚಿ ಹಾಕಿ ಉಗುರಿನಿಂದ ಉಜ್ಜಿದರೆ ಚಿತ್ರ ಹಿಂದುಮುಂದಾಗಿ ರಬ್ಬರಿಗೆ ಇಳಿಯುತ್ತದೆ. ಹಾಗೆಯೇ ಕೆತ್ತಿದರೆ ಒತ್ತಿದಾಗ ಸರಿಯಾಗಿ ಬರುತ್ತದೆ. ಅಕ್ಷರ ಕೆತ್ತುವವರಿಗೆ ಈ ವಿಧಾನ ಬಿಟ್ಟರೆ ಬೇರೆ ದಾರಿಯಿಲ್ಲ. ಕನ್ನಡದ ದುಂಡು ಅಕ್ಷರಗಳನ್ನು ಕೆತ್ತುವಾಗ ಅಲಗನ್ನು ತಿರುಗಿಸಬೇಡಿ, ಅಲಗನ್ನು ಹಿಡಿದಲ್ಲೇ ಹಿಡಿದು ರಬ್ಬರನ್ನು ತಿರುಗಿಸಿ. ಗೆರೆಯ ಬುಡ ಅಗಲವಾಗಿ, ತುದಿ ಕಿರಿದಾಗಿ ಇರುವಂತೆ ಅಲಗನ್ನು ಓರೆ ಹಿಡಿಯಿರಿ, ಆಗ ಮೊಹರು ಬಹುಕಾಲ ಬಾಳುತ್ತದೆ.

ಹಣ್ಣಾದ ಕಾಫಿ ಗೊಂಚಲು, ಮಂಗಟ್ಟೆ ಹಕ್ಕಿಯ ಕೊಕ್ಕು, ಹೊಯ್ಸಳ ಗುಡಿಯ ತಳದ ನಕ್ಷತ್ರಾಕಾರ ಇವೆಲ್ಲ ಚೆನ್ನಾಗಿ ಮೂಡುತ್ತವೆ. ಗಂಡನಿಗೊಂದು, ಹೆಂಡತಿಗೊಂದು ಮೊಹರು ಇದ್ದರೂ ಆದೀತು. ನಮ್ಮದು ಎರಡು ತುಂಡು ಸೇರಿದರೆ ಒಂದೇ ಮೆಣಸಿನ ಬಳ್ಳಿಯಾಗುವ ಮೊಹರು. ಎಲೆಯ ಭಾಗ ಅವರ ಬಳಿ ಇದೆ, ಕಾಯಿಯ ಭಾಗ ನನ್ನ ಬಳಿ. ಒಬ್ಬರೇ ಹೋದರೆ ಚಿತ್ರ ಪೂರ್ತಿಯಾಗುವುದಿಲ್ಲ.

ಮಲೆನಾಡಿನ ಮಳೆಗೆ ಡಬ್ಬಿ ಉಳಿಯುತ್ತದೆಯೇ?

ಕ್ಲಿಪ್ ಇರುವ, ಒಳಗೆ ರಬ್ಬರ್ ಪಟ್ಟಿಯಿರುವ ಊಟದ ಡಬ್ಬಿ ತೆಗೆದುಕೊಳ್ಳಿ. ಸಾಮಾನ್ಯ ಮುಚ್ಚಳದ ಡಬ್ಬಿ ಆಷಾಢ ದಾಟುವುದಿಲ್ಲ. ಪುಸ್ತಕವನ್ನು ಒಂದು ಜಿಪ್ ಚೀಲದಲ್ಲಿ, ಮೊಹರನ್ನು ಇನ್ನೊಂದರಲ್ಲಿ ಇಡಿ. ಡಬ್ಬಿಯೊಳಗೆ ಪೆನ್ನು ಬೇಡ, ಪೆನ್ಸಿಲ್ ಇರಲಿ, ಸೀಸಕ್ಕೆ ತೇವದ ಭಯವಿಲ್ಲ. ಇಂಕ್ ಪ್ಯಾಡನ್ನು ಡಬ್ಬಿಯಲ್ಲಿ ಇಡದೆ ಹುಡುಕುವವರೇ ತರುವುದು ವಾಸಿ. ತಿನ್ನುವ ವಸ್ತು, ಅಗರಬತ್ತಿ, ಸುವಾಸನೆಯ ಯಾವುದನ್ನೂ ಇಡಬೇಡಿ. ಇರುವೆ, ಪುನುಗಿನ ಬೆಕ್ಕು, ಮಂಗ ಯಾವುದಾದರೊಂದು ಬಂದೇ ಬರುತ್ತದೆ.

ಡಬ್ಬಿಯ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ: ಇದು ಆಟದ ಡಬ್ಬಿ, ಅಪಾಯವಿಲ್ಲ, ತೋಟದವರ ಒಪ್ಪಿಗೆಯಿಂದ ಇಟ್ಟಿದೆ, ನೋಡಿ ಮತ್ತೆ ಅಲ್ಲೇ ಇಡಿ. ಆಕಸ್ಮಿಕವಾಗಿ ಕೈಗೆ ಸಿಕ್ಕವರೂ ಆಗ ಆಟದೊಳಗೆ ಬರುತ್ತಾರೆ. ಮೂಡಿಗೆರೆಯ ಕಡೆಯ ಒಂದು ತೋಟದಲ್ಲಿ ನಮ್ಮ ಡಬ್ಬಿ ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಸಾಲುಮನೆಯ, ಮಗುವಿಗೆ ಸಿಕ್ಕಿತ್ತು. ಪುಸ್ತಕದಲ್ಲಿ ನಮ್ಮ ಮೊಹರಿನ ಪಕ್ಕದ ಪುಟಕ್ಕೆ ಪೆನ್ಸಿಲ್ಲಿನಲ್ಲಿ ಒಂದು ನವಿಲು. ಗರಿಗಳು ಕಾಗದ ಮೀರಿ ಹಿಂದಿನ ಪುಟಕ್ಕೂ ಹೊರಳಿಕೊಂಡಿದ್ದವು. ಮೊಹರು ಇಲ್ಲದ ಕಾರಣ ಕೆಳಗೆ ಕೆಂಪು ಮಣ್ಣಿನಲ್ಲಿ ಅದ್ದಿದ ಪುಟ್ಟ ಹೆಬ್ಬೆಟ್ಟಿನ ಗುರುತು. ಆಮೇಲೆ ನಾವು ಆ ತೋಟಕ್ಕೆ ಹೋಗುವಾಗ ಒಂದು ರಬ್ಬರ್, ಒಂದು ಇಂಕ್ ಪ್ಯಾಡ್ ಹೆಚ್ಚಿಗೆ ಒಯ್ಯುತ್ತೇವೆ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಮಳೆ ಹಿಂದೆ ಸರಿದಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ. ನವೆಂಬರಿನಿಂದ ಹಣ್ಣು ಕೀಳುವ ಕೆಲಸ ಶುರುವಾಗುತ್ತದೆ, ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಆಗ ಕೆಲಸ ನಡೆಯುವ ಪಟ್ಟಿಗೆ ಹೋಗಬೇಡಿ, ಕಣದಲ್ಲಿ ಒಣಹಾಕಿದ ಕಾಫಿಯ ಮೇಲೆ ಕಾಲಿಡಬೇಡಿ. ಬೇಸಿಗೆಯಲ್ಲಿ ಕಾಫಿ ಗಿಡ ಹೂ ಬಿಡುವಂತೆ ಮಾಡುವ ಹೂಮಳೆ ಬಿದ್ದು ಒಂದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ಪರಿಮಳವನ್ನು ರಸ್ತೆಯಲ್ಲೇ ನಿಂತು ಅನುಭವಿಸಿ. ಹೂವಿನ ಗಿಡಗಳ ನಡುವೆ ಮೈ ತಾಗಿಸಿಕೊಂಡು ನುಗ್ಗುವುದನ್ನು ಯಾವ ಬೆಳೆಗಾರರೂ ಸಹಿಸುವುದಿಲ್ಲ, ಜೇನೂ ಸಹಿಸುವುದಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಕೂತು ಮೊಹರು ಕೆತ್ತಿ.

ಆನೆಯ ಭಯವಿದೆಯಲ್ಲ?

ಇದೆ, ನಿಜವಾದ ಭಯ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲೂಕುಗಳಲ್ಲಿ ಆನೆಗಳು ತೋಟದೊಳಗೇ ಬೀಡುಬಿಡುತ್ತವೆ. ಕೂಲಿಗೆ ಹೊರಟವರು ಪ್ರಾಣ ಕಳೆದುಕೊಂಡ ಸುದ್ದಿ ಈ ಊರುಗಳಿಗೆ ಹೊಸದಲ್ಲ. ಅವರು ಹೊಟ್ಟೆಪಾಡಿಗೆ ಹೋಗಲೇಬೇಕು, ನಾವು ಆಟಕ್ಕೆ ಹೋಗುವವರು. ಆದ್ದರಿಂದ ಸ್ವಲ್ಪ ಸಂಶಯವಿದ್ದರೂ ಹೋಗಬಾರದು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಆನೆಗಳಿರುವ ಜಾಗದ ಬಗ್ಗೆ ಊರವರಿಗೆ ಸಂದೇಶ ಕಳುಹಿಸುತ್ತಾರೆ. ಹೊರಡುವ ಬೆಳಿಗ್ಗೆ ತೋಟದವರಿಗೆ ಫೋನು ಮಾಡಿ ಕೇಳಿ. “ನಿನ್ನೆ ಪಕ್ಕದ ತೋಟದಲ್ಲಿತ್ತು” ಎಂದರೆ ಆ ವಾರ ಬಿಟ್ಟುಬಿಡಿ. ಬೆಳಿಗ್ಗೆ ಒಂಬತ್ತರ ಮೊದಲು, ಸಂಜೆ ನಾಲ್ಕರ ನಂತರ ಹುಡುಕಾಟ ಬೇಡ. ಹಸಿ ಲದ್ದಿ, ಆಗಷ್ಟೇ ಮುರಿದ ಬೈನೆ ಮರ ಕಂಡರೆ ಮಾತಿಲ್ಲದೆ ಬಂದ ದಾರಿಯಲ್ಲೇ ಹಿಂತಿರುಗಿ.

ಹಾವು, ಉಂಬಳ (ಜಿಗಣೆ), ಹೆಜ್ಜೇನು?

ಬಿಲ, ಪೊಟರೆ, ಹುತ್ತಕ್ಕೆ ಕೈ ಹಾಕಿಸುವ ಸುಳಿವನ್ನು ಬರೆಯಲೇಬಾರದು, ಬರೆದಿದ್ದರೂ ಹಾಕಬಾರದು. ಒಣ ತರಗೆಲೆಯಲ್ಲಿ ಮಂಡಲದ ಹಾವು ಮಲಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಉದ್ದನೆಯ ಕೋಲು, ಪಾದ ಮುಚ್ಚುವ ಬೂಟು ಕಡ್ಡಾಯ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ಅಲುಗಾಡದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಒಯ್ಯಿರಿ. ಉಂಬಳಕ್ಕೆ ಉಪ್ಪು ಸಾಕು. ಹೆಜ್ಜೇನಿನ ಗೂಡು ಕಂಡ ಮರದ ಕೆಳಗೆ ನಿಲ್ಲಬೇಡಿ, ಸೆಂಟು ಪೂಸಿಕೊಂಡು ಹೋಗಬೇಡಿ.

ಮಂಗನ ಕಾಯಿಲೆಯ ಬಗ್ಗೆ ಏನು ಎಚ್ಚರ ಬೇಕು?

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿಯ ಕಡೆಯೂ ಕಾಣಿಸಿಕೊಂಡಿದೆ. ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಕಚ್ಚುವುದರಿಂದ ಬರುತ್ತದೆ. ಡಿಸೆಂಬರಿನಿಂದ ಮೇ ತನಕ ಹೆಚ್ಚು, ಅಂದರೆ ನಾವು ತಿರುಗಾಡುವ ಕಾಲದಲ್ಲೇ. ಆರೋಗ್ಯ ಇಲಾಖೆ ಎಚ್ಚರಿಕೆ ಕೊಟ್ಟ ಊರುಗಳಿಗೆ ಹೋಗಬೇಡಿ. ತುಂಬುತೋಳಿನ ಅಂಗಿ ತೊಟ್ಟು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಒಬ್ಬರ ಬೆನ್ನು, ಕಿವಿಯ ಹಿಂಬದಿಯನ್ನು ಇನ್ನೊಬ್ಬರು ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಒಂದೆರಡು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡುತೋಟ ತಿರುಗಿದ್ದನ್ನು ಮೊದಲು ಹೇಳಿ.

ಡಬ್ಬಿ ಸಿಗದೇ ಹೋದರೆ?

ಸುಳಿವನ್ನು ಮೊದಲಿನಿಂದ ಇನ್ನೊಮ್ಮೆ ನಡೆಯಿರಿ. ಆಗಲೂ ಸಿಗದಿದ್ದರೆ ಗಿಡ ಕೆದಕಿ, ಕಲ್ಲುಗಳನ್ನೆಲ್ಲ ಮಗುಚಿ ಹಾಕಬೇಡಿ. ಇಟ್ಟವರಿಗೆ ತಿಳಿಸಿ, ಬುತ್ತಿ ಬಿಚ್ಚಿ ಊಟ ಮಾಡಿ ಬನ್ನಿ.

ಸುಳಿವುಗಳನ್ನು ಎಲ್ಲರಿಗೂ ಕಾಣುವಂತೆ ಹಾಕಬಹುದೇ?

ತೋಟದವರು ಒಪ್ಪಿದರೆ ಮಾತ್ರ. ನಾವು ಪರಿಚಯದವರ ನಡುವೆ ಕೈಬರಹದ ಕಾಗದದಲ್ಲೇ ಹಂಚುತ್ತೇವೆ. ಒಂದು ವಿಡಿಯೊ ಹರಡಿ ಶನಿವಾರ, ಭಾನುವಾರ ಕಾರುಗಳ ಸಾಲು ನಿಲ್ಲುವಂತಾದರೆ ಹಾಳಾಗುವುದು ಆ ಊರಿನ ನೆಮ್ಮದಿ. ಚಿಕ್ಕಮಗಳೂರಿನವರಿಗೆ ಇದು ಗೊತ್ತಿರುವ ಸಂಕಟವೇ.

ಡಬ್ಬಿಯನ್ನು ಎಷ್ಟು ಕಾಲ ಬಿಡಬೇಕು?

ನೀವು ಹೋಗಿ ನೋಡಿಕೊಳ್ಳುವಷ್ಟು ಕಾಲ. ಮುಂಗಾರಿಗೆ ಮುನ್ನ ಒಳಗೆ ತಂದು, ಪುಸ್ತಕ ಒಣಗಿಸಿ, ದೀಪಾವಳಿಯ ಹೊತ್ತಿಗೆ ಮತ್ತೆ ಇಡುವುದು ನಮ್ಮ ಪದ್ಧತಿ. ತೋಟ ಕೈಬದಲಾದರೆ, ಗುರುತಿನ ಮರ ಉರುಳಿದರೆ, ಯಜಮಾನರು ಬೇಡವೆಂದರೆ ಅದೇ ವಾರ ತೆಗೆಯಿರಿ. ಸುಳಿವು ಪಡೆದವರಿಗೆಲ್ಲ ಡಬ್ಬಿ ತೆಗೆದಿರುವುದನ್ನು ತಿಳಿಸಿ, ಇಲ್ಲದ ಡಬ್ಬಿಗಾಗಿ ಯಾರೂ ಇನ್ನೊಬ್ಬರ ತೋಟಕ್ಕೆ ಕಾಲಿಡುವಂತಾಗಬಾರದು. ತುಂಬಿದ ಪುಸ್ತಕವನ್ನು ತೋಟದ ಮನೆಯವರಿಗೆ ಕೊಟ್ಟುಬಿಡಿ. ತಮ್ಮ ನೆಲಕ್ಕೆ ಯಾರು ಯಾರು ಬಂದು ಹೋದರು ಎಂದು ನೋಡುವ ಹಕ್ಕು ಮೊದಲು ಅವರದು.